‘ಓಯ್ತದೆ ಸಾ’ ಅಂದ ಮೇಸ್ತ್ರಿ

ಮೇಸ್ತ್ರಿಯ ಕಿವಿಯ ಹಿಂದೆ, ಎಲುಬು ಉಬ್ಬಿರುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಗುರುತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಎಂಜಿನ್ನಿಗೆ ಮುಟ್ಟಿಸಿ, ಅದರ ಮರದ ಹಿಡಿಯನ್ನು ಆ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಗ್ರೀಸು ಮೆತ್ತಿದ ಹಿಡಿ ವರ್ಷಗಟ್ಟಲೆ ಒತ್ತಿ ಒತ್ತಿ ಚರ್ಮವೇ ಆ ಬಣ್ಣಕ್ಕೆ ತಿರುಗಿತ್ತು. ನನ್ನ ನೆನಪಿನಲ್ಲಿ ಅದು ಬಲಗಿವಿ. ನನ್ನ ಹೆಂಡತಿ ಎಡಗಿವಿ ಅನ್ನುತ್ತಾಳೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ವಾರವೇ ಹೇಳುತ್ತಿದ್ದೆ. ಈ ಬರಹಕ್ಕೆ ಸಾಕ್ಷಿ ನಾನೊಬ್ಬನೇ.

ತೊಂಬತ್ತರ ದಶಕದ ನಡುವೆ ನಾವು ನಂಜನಗೂಡಿನಲ್ಲಿ ಮನೆ ಮಾಡಿದ್ದೆವು. ನನ್ನ ಕಾಲೇಜು ತಿ. ನರಸೀಪುರದಲ್ಲಿ. ಬಸ್ಸಿಗೆ ಕಾದು ಕಾದು ಬೇಸತ್ತು, ಮೈಸೂರಿನ ಒಬ್ಬರು ನಿವೃತ್ತ ಎಂಜಿನಿಯರರಿಂದ ಒಂದು ಹಳೆಯ ಬಿಳಿ ಕಾರು ಕೊಂಡೆ. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದ ಕಾಲದ್ದು. ಎಡಗಡೆಯ ಹಿಂಬಾಗಿಲು ಒಳಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು. ಮಳೆ ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ, ಬಿಸಿಲೇರಿದರೆ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಹಾಗೆ ನಿಂತ ಒಂದು ದಿನವೇ ಯಾರೋ ನನ್ನನ್ನು ಮೇಸ್ತ್ರಿಯ ಶೆಡ್ಡಿಗೆ ಕಳಿಸಿದ್ದು. ರೈಲ್ವೆ ಸ್ಟೇಷನ್ನಿನ ಕಡೆ, ಒಂದು ಹುಣಸೇಮರದ ಕೆಳಗೆ, ಅರ್ಧ ತಗಡು ಅರ್ಧ ಸೋಗೆಯ ಶೆಡ್ಡು. ಅದಕ್ಕೆ ಅಂಟಿಕೊಂಡೇ ಅವರ ಮನೆ.

ಅವರು ಬಂದು ನೋಡಿ, ಏನನ್ನೂ ಬಿಚ್ಚಲಿಲ್ಲ. ಒಂದು ಬಟ್ಟೆಯ ಚೂರನ್ನು ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿ, ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತರು. ಬೀಡಿ ಮುಗಿಯುವಷ್ಟರಲ್ಲಿ ಕಾರು ಹೊರಟಿತು. ನನಗೆ ಕಾರಣ ಬೇಕಿತ್ತು. ಇದು ಹೇಗೆ, ಯಾಕೆ ಎಂದು ಬಿಡದೆ ಕೇಳಿದೆ. “ಜ್ವರ ಬಂದೋರ್ಗೆ ಅಣೆ ಮ್ಯಾಲೆ ಒದ್ದೆ ಬಟ್ಟೆ ಆಕಲ್ವಾ ಸಾ?” ಅಂದರು. ಅದು ಉತ್ತರವೇ ಅಲ್ಲ ಅಂದೆ. ಶಾಖಕ್ಕೆ ಪೆಟ್ರೋಲು ಆವಿಯಾಗಿ ಪಂಪು ಅದನ್ನು ಎಳೆಯಲಾರದೆ ಹೋಗುತ್ತದೆ ಎಂದು ಮುಂದೆ ಎಲ್ಲೋ ಓದಿದೆ. ಅವರು ಹೇಳಿದ್ದೇ ಅದು, ಬೇರೆ ಮಾತಿನಲ್ಲಿ. ಅಂದಿನಿಂದ ಕಾರಿನಲ್ಲಿ ಒಂದು ಬಟ್ಟೆ, ಒಂದು ಕೊಡ ನೀರು ಇಟ್ಟುಕೊಂಡೆ.

“ಈ ಗಾಡಿ ನಿಮ್ಗೆ ಸರ್‍ಯಾದ್ ಜೋಡಿ ಸಾ,” ಎಂದು ಒಮ್ಮೆ ಅಂದಿದ್ದರು. “ಇದೂ ಯಾರ್ ಮಾತೂ ನಂಬಲ್ಲ.”

ಅವರಲ್ಲೊಂದು ಪದ್ಧತಿಯಿತ್ತು. ಊರಿನ ಟ್ಯಾಕ್ಸಿಯವರಿಗೆಲ್ಲ ಗೊತ್ತಿದ್ದದ್ದು. ಬ್ರೇಕಿಗೆ ಕೈಹಾಕಿದ ಯಾವ ಗಾಡಿಯನ್ನೂ ಅವರು ಹಾಗೇ ಕೊಡುತ್ತಿರಲಿಲ್ಲ. ಹೆಂಡತಿಯನ್ನು ಕರೆದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಪಿಲೆಯ ಸೇತುವೆಯವರೆಗೆ ಹೋಗಿ ಬರುತ್ತಿದ್ದರು. ಆಯಮ್ಮ ದೇವಸ್ಥಾನದ ಬೀದಿಯ ಅಂಗಡಿಗಳಿಗೆ ಹೂ ಕಟ್ಟಿಕೊಡುತ್ತಿದ್ದವರು. ಹೂವಿನ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದು ಕೂರುತ್ತಿದ್ದರು, ಕೈ ನಿಲ್ಲುತ್ತಿರಲಿಲ್ಲ. ಮೇಸ್ತ್ರಿ ಎಲ್ಲೋ ಒಂದು ಕಡೆ ಹೇಳದೆ ಕೇಳದೆ ಬ್ರೇಕ್ ಒತ್ತುವುದು. ಆಯಮ್ಮ ತಲೆಯೆತ್ತದೆ “ಎಡಕ್ಕೆ ಎಳೀತದೆ” ಅಂದರೆ ಗಾಡಿ ಮತ್ತೆ ಶೆಡ್ಡಿಗೆ. “ಊಂ” ಅಂದರೆ ಬೀಗದಕೈ ಗಿರಾಕಿಯ ಕೈಗೆ. ಒಂದು ಸಲ ಹಿಂದಿನ ಸೀಟಿನಲ್ಲಿ ಕೂತು ನಾನೇ ಇದನ್ನು ಕಂಡಿದ್ದೇನೆ. ಮಲ್ಲಿಗೆ ಮೊಗ್ಗು ಒಂದೂ ಪುಟ್ಟಿಯಿಂದಾಚೆ ಬಿದ್ದಿರಲಿಲ್ಲ.

ಇದೆಲ್ಲ ನಂಬಿಕೆಯ ಮಾತು, ಹೆಂಗಸು ಕೂತರೆ ಬ್ರೇಕು ಗಟ್ಟಿಯಾಗುತ್ತದೆಯೇ ಎಂದು ನಾನು ನಕ್ಕಿದ್ದೆ. ಮೇಸ್ತ್ರಿಯೂ ನಕ್ಕರು. “ನಂಬ್ಕೆ ಅಲ್ಲ ಸಾ, ಎದ್ರಿಕೆ. ಅವ್ಳು ಕೂತ್ಕತಾಳೆ ಅಂತ ಗೊತ್ತಿದ್ರೆ ನಟ್ಟು ಇನ್ನೊಂದ್ ಸುತ್ತು ತಿರುಗ್ತದೆ.”

ಆ ಭಾನುವಾರದ್ದನ್ನು ಈಗ ಹೇಳಬೇಕು. ಸೋಸಲೆಯಲ್ಲಿ ನನ್ನ ಭಾಮೈದನ ಮಗುವಿಗೆ ನಾಮಕರಣ. ಭಾಮೈದ ಊರೂರಿನ ಹಾಲು ಸಾಗಿಸುವ ಮೂರು ವ್ಯಾನು ಇಟ್ಟಿದ್ದವನು. ಆ ಮೂರೂ ಮೇಸ್ತ್ರಿಯ ಶೆಡ್ಡಿಗೇ ಬರುತ್ತಿದ್ದವು. ಹಿಂದಿನ ಹಬ್ಬಕ್ಕೆ ನಾವು ಬಸ್ಸಿನಲ್ಲಿ ಹೋಗಿ ಇಳಿದಾಗ ಹೆಂಡತಿಯ ಮನೆಯವರು, ಕಾರಿಟ್ಟವರು ಬಸ್ಸಲ್ಲಿ ಬಂದವ್ರೆ, ಕಾರನ್ನ ಮನೇಲಿ ಕಟ್ಟಾಕಿ ಮೇವು ಹಾಕಿ ಬಂದವ್ರೆ ಎಂದು ಇಡೀ ದಿನ ಆಡಿಕೊಂಡಿದ್ದರು. ಈ ಸಲ ಕಾರಿನಲ್ಲೇ ಹೋಗಬೇಕೆಂದು ಹಟ ತೊಟ್ಟಿದ್ದೆ. ಆದರೆ ಎರಡು ದಿನದಿಂದ ಬ್ರೇಕಿನ ಪೆಡಲು ಮೆತ್ತಗಾಗಿ ಕಾರು ಶೆಡ್ಡಿನಲ್ಲಿತ್ತು. ಬ್ರೇಕಿನ ಎಣ್ಣೆಯನ್ನು ತಳ್ಳುವ ರಬ್ಬರು ಸವೆದಿದೆ, ಹೊಸದು ಮೈಸೂರಿನಿಂದ ಬರಬೇಕು, ಸದ್ಯಕ್ಕೆ ಹಳೆಯದನ್ನೇ ತೊಳೆದು ಹಾಕಿದ್ದೇನೆ ಎಂದು ಮೇಸ್ತ್ರಿ ಹೇಳಿದ್ದರು.

ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ ನಿಂತೆ. ಬ್ರೇಕು ಹೇಗಿದೆ, ಸೋಸಲೆವರೆಗೆ ಹೋಗಿಬರಬಹುದಾ ಎಂದು ಕೇಳಿದೆ.

“ಓಯ್ತದೆ ಸಾ,” ಅಂದರು.

‘ಹ’ ಬಿಟ್ಟು ಮಾತಾಡುವ ನಮ್ಮ ಕಡೆಯವರ ಬಾಯಲ್ಲಿ ‘ಹೋಗುತ್ತದೆ’ ಎಂಬುದು ‘ಓಯ್ತದೆ’. ಕಾರು ಓಯ್ತದೆ ಅಂದರೆ ಊರು ಮುಟ್ಟುತ್ತದೆ. ಬ್ರೇಕು ಓಯ್ತದೆ ಅಂದರೆ ಕೈಕೊಡುತ್ತದೆ. ನಾನು ಒಂದೇ ಉಸಿರಿನಲ್ಲಿ ಎರಡನ್ನೂ ಕೇಳಿದ್ದೆ, ಮೊದಲು ಬ್ರೇಕು, ಆಮೇಲೆ ಸೋಸಲೆ. ಅವರು ಯಾವುದಕ್ಕೆ ಉತ್ತರ ಕೊಟ್ಟರು? ತಲೆ ಅಲ್ಲಾಡಿಸಿದರೇ, ಅಲ್ಲಾಡಿಸಿದ್ದರೆ ಹೇಗೆ? ಕೆಲವು ದಿನ ‘ಬ್ರೇಕ್ ಓಯ್ತದೆ ಸಾ’ ಎಂದೇ ಅವರ ದನಿ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕೆಲವು ದಿನ ಬರೀ ‘ಓಯ್ತದೆ’. ಯಾವುದನ್ನು ನಾನು ಕೇಳಿದ್ದು, ಯಾವುದನ್ನು ಆಮೇಲೆ ಕಟ್ಟಿಕೊಂಡದ್ದು ಎಂದು ಇವತ್ತು ಆಣೆ ಇಟ್ಟು ಹೇಳಲಾರೆ.

ಆದರೆ ಅದರ ಮುಂದಿನ ಮಾತಿನಲ್ಲಿ ನನಗೆ ಅನುಮಾನವಿಲ್ಲ. “ಒಂದ್ ಗಳ್ಗೆ ತಡೀರಿ ಸಾ. ಅವ್ಳು ಊವ ಕೊಟ್ಬುಟ್ಟು ಬರ್ಲಿ,” ಅಂದರು. ಆಯಮ್ಮ ದೇವಸ್ಥಾನದ ಬೀದಿಗೆ ಹೋಗಿದ್ದರು. ನಾನು ಗಡಿಯಾರ ನೋಡಿಕೊಂಡೆ. ಮನೆಯಲ್ಲಿ ಹೆಂಡತಿ ಸೀರೆಯುಟ್ಟು ಕಾಯುತ್ತಿದ್ದಳು. ಮೊಳೆಗೆ ನೇತುಹಾಕಿದ್ದ ಬೀಗದಕೈಯನ್ನು ನಾನೇ ತೆಗೆದುಕೊಂಡೆ. ಮೇಸ್ತ್ರಿ ಕಿಟಕಿಯ ಮೇಲೆ ಕೈಯಿಟ್ಟುಕೊಂಡು ರಸ್ತೆಯವರೆಗೂ ಕಾರಿನ ಜೊತೆಗೇ ನಡೆದು ಬಂದರು. ಮೇಷ್ಟರ ಎದುರು ಗಟ್ಟಿಯಾಗಿ ‘ಬೇಡ’ ಅನ್ನುವ ಅಭ್ಯಾಸ ಅವರಿಗಿರಲಿಲ್ಲ.

ನರಸೀಪುರ ಇನ್ನೇನು ಬಂತು ಅನ್ನುವಲ್ಲಿ ರಸ್ತೆ ಇಳಿಜಾರಾಗುತ್ತದೆ. ಪೆಡಲು ನೆಲಕ್ಕೆ ಮುಟ್ಟಿತು, ಕಾರು ನಿಲ್ಲಲಿಲ್ಲ. ಮುಂದೆ ಎತ್ತಿನ ಗಾಡಿಯಿತ್ತು. ರಸ್ತೆ ಪಕ್ಕದ ಜಲ್ಲಿ ರಾಶಿಗೆ ನುಗ್ಗಿಸಿದೆ. ನನಗೆ ಏನೂ ಆಗಲಿಲ್ಲ. ಹೆಂಡತಿಯ ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಇವತ್ತಿಗೂ ಅವಳು ಒದ್ದೆ ಬಟ್ಟೆ ಹಿಂಡಲಾರಳು.

ಆಸ್ಪತ್ರೆಗೆ ಭಾಮೈದ ನಾಮಕರಣದ ರೇಷ್ಮೆ ಪಂಚೆಯಲ್ಲೇ ಓಡಿಬಂದ. ಒಳಗೆ ಅಕ್ಕನ ಕೈಗೆ ಪಟ್ಟಿ ಹಾಕುತ್ತಿದ್ದರು. ಅವಳು ನೋವಿಗೆ ಕೂಗಿದ್ದು ಹೊರಗೆ ನಮ್ಮಿಬ್ಬರಿಗೂ ಕೇಳಿತು.

“ಆ ಮೇಸ್ತ್ರಿ ಏನಂದಿದ್ದ ಭಾವ?”

‘ಹೋಗುತ್ತದೆ’ ಅಂದ ಎಂದೆ. ಅಷ್ಟಕ್ಕೆ ನಿಂತಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಭಾಮೈದ ಆ ಶೆಡ್ಡಿನ ಗಿರಾಕಿ. ಏನು ಕೇಳಬೇಕೆಂದು ಅವನಿಗೆ ಗೊತ್ತಿತ್ತು.

“ಅವ್ನೆಡ್ತಿ ಕೂತಿದ್ಲಾ?”

“ಹ್ಞೂ,” ಅಂದೆ.

ಒಂದಕ್ಷರ. ಅದನ್ನು ಯಾಕೆ ಅಂದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಕೂತಿರಲಿಲ್ಲ ಅಂದರೆ, ಮತ್ತೆ ನೀವು ಯಾಕೆ ಗಾಡಿ ತೆಗೆದಿರಿ ಎಂಬುದೇ ಅವನ ಮುಂದಿನ ಪ್ರಶ್ನೆ.

ಮಾರನೆಯ ದಿನ ಅವನು ನಂಜನಗೂಡಿಗೆ ಬಂದು ಶೆಡ್ಡಿಗೆ ಹೊರಟ. ಜಗಳವಾಗದ ಹಾಗೆ ನೋಡಿಕೊಳ್ಳಲು ನಾನೂ ಹೋದೆ ಎಂದು ನೆನಪಿಟ್ಟುಕೊಂಡಿದ್ದೇನೆ. ಅದು ನಿಜವೋ, ಇಲ್ಲ ನನ್ನ ಸುಳ್ಳು ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಲು ಹೋದೆನೋ ತಿಳಿಯದು. ಟ್ಯಾಕ್ಸಿಯವರು ಇಬ್ಬರು ಮೂವರು ಅಲ್ಲಿದ್ದರು. ಆಯಮ್ಮ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು. ಭಾಮೈದ ಎಲ್ಲರೆದುರಿಗೆ ಏರುದನಿಯಲ್ಲಿ ಶುರುಮಾಡಿದ. ಅಕ್ಕನ ಕೈ, ನಿಂತುಹೋದ ನಾಮಕರಣ, ಎಲ್ಲ ಹೇಳಿದ. ಮೇಸ್ತ್ರಿ ತಲೆ ತಗ್ಗಿಸಿ ಕೇಳಿದರು. ‘ಓಯ್ತದೆ’ ಅಂದಿದ್ದು ಹೌದಾ ಎಂದು ಕೇಳಿದಾಗ, ‘ಹೌದು, ಅಂದೆ’ ಅಂದರು. ಅದಕ್ಕೆ ಒಂದು ವಿವರಣೆಯನ್ನೂ ಸೇರಿಸಲಿಲ್ಲ.

“ನಿನ್ನೆಡ್ತಿ ಬೇರೆ ಕೂತು ನೋಡವ್ಳಂತೆ, ಭಾವ ಯೇಳವ್ರೆ. ಏನ್ಲಾ ನೋಡಿದ್ದು ಅವ್ಳು, ಊವಿನ್ ಪುಟ್ಟಿಯಾ?”

ಆಯಮ್ಮನ ಕೈ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದರು. ಗಂಡ ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಎಂಜಿನ್ನಿನಲ್ಲಿ ಗೊತ್ತಿಲ್ಲದ ಸದ್ದು ಕೇಳಿದಾಗ ಅವರು ನಿಲ್ಲುತ್ತಿದ್ದ ಹಾಗೆ ನಿಂತಿದ್ದರು.

“ಸಾರು ಯೇಳುದ್ಮೇಲೆ ಕೂತಿರ್ತಾಳೆ ಬುಡಿ,” ಅಂದರು.

ನಾನು ಬಾಯಿ ಬಿಡಬೇಕಾದ ಹೊತ್ತು ಅದು. ಬಿಡಲಿಲ್ಲ. ಆಯಮ್ಮ ಪುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮೂರು ವ್ಯಾನೂ ಬೇರೆ ಗ್ಯಾರೇಜಿಗೆ ಹೋದವು. ಟ್ಯಾಕ್ಸಿಯವರಲ್ಲಿ ಮಾತು ಹಬ್ಬಿತು. ಬ್ರೇಕು ಕೈಕೊಟ್ಟಿತು ಎಂಬುದಲ್ಲ, ಅದು ಯಾರ ಕೆಲಸದಲ್ಲೂ ಆಗುವಂಥದ್ದು. ಹೆಂಡತಿ ಕೂತು ಹೂಂ ಅಂದ ಗಾಡಿಗೇ ಹೀಗಾಯಿತು ಎಂಬುದು. ಊರು ಆ ಮನುಷ್ಯನಲ್ಲಿ ನಂಬಿದ್ದದ್ದು ಆ ಒಂದು ಹೂಂ ಅನ್ನು. ಅದನ್ನು ನನ್ನ ಹ್ಞೂ ತಿಂದುಹಾಕಿತು. ಆಮೇಲೆ ಅವರು ಯಾವ ಗಾಡಿಯಲ್ಲೂ ಹೆಂಡತಿಯನ್ನು ಕೂರಿಸಿಕೊಂಡು ಸೇತುವೆಗೆ ಹೋದದ್ದನ್ನು ಯಾರೂ ನೋಡಲಿಲ್ಲವಂತೆ.

ನಾನು ಕಾರನ್ನು ಮೈಸೂರಿನಲ್ಲಿ ರಿಪೇರಿ ಮಾಡಿಸಿ ಯಾರಿಗೋ ಮಾರಿದೆ. ಎರಡು ಮೂರು ವರ್ಷದ ಮೇಲೆ ತಗಡೂರಿನ ಕಡೆ ಒಂದು ತೋಟದ ಬದುವಿನಲ್ಲಿ ಮೇಸ್ತ್ರಿ ಸಿಕ್ಕಿದರು. ಪಂಪ್‌ಸೆಟ್ ಬಿಚ್ಚಿ ಕೂತಿದ್ದರು. ಮೊದಲಿನ ಹಾಗೆಯೇ ಕೈ ಒರೆಸಿಕೊಂಡು ಎದ್ದು, ಅಮ್ಮಾವ್ರ ಕೈ ಎಂಗದೆ ಸಾ ಎಂದು ಕೇಳಿದರು. ವಾಸಿಯಾಗಿದೆ ಅಂದೆ. ಈಗ ಇದೇ ಕೆಲಸವಾ ಎಂದು ಕೇಳಬಾರದಿತ್ತು, ಕೇಳಿದೆ.

“ಪಂಪ್‌ಸೆಟ್ಟೇ ವಾಸಿ ಸಾ. ಇದ್ಕೆ ಬ್ರೇಕೂ ಇಲ್ಲ, ಒಳ್ಗೆ ಯಾರೂ ಕೂರೋ ಅಂಗೂ ಇಲ್ಲ,” ಎಂದು ನಕ್ಕರು. ನಗುವಿನಲ್ಲಿ ಕೊಂಕು ಇತ್ತೇ ಎಂದು ಎಷ್ಟೋ ಸಲ ನೆನಪನ್ನು ತಿರುಗಿಸಿ ನೋಡಿದ್ದೇನೆ. ಇದ್ದಂತೆ ಕಾಣಲಿಲ್ಲ. ಅಲ್ಲಿ ನಾವಿಬ್ಬರೇ ಇದ್ದೆವು. ಹೇಳಬಹುದಿತ್ತು. ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಬಂದೆ.

ಮೇಸ್ತ್ರಿ ತೀರಿಹೋದ ಸುದ್ದಿ ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು, ನಾವು ಮೈಸೂರು ಸೇರಿದ್ದೆವು. ಬಸ್ಸಿನಲ್ಲಿ ನಂಜನಗೂಡಿಗೆ ಹೋದೆ. ಶೆಡ್ಡಿನಲ್ಲಿ ಯಾರದೋ ತೆಂಗಿನಕಾಯಿ ರಾಶಿ. ಆಯಮ್ಮ ಅದೇ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು. ನನ್ನ ಗುರುತು ಹಿಡಿದು ಮಣೆ ತಳ್ಳಿದರು. ನಾನು ಕೂತು, ಬೇರೆ ಏನೂ ಆಡದೆ, ಅವತ್ತು ನೀವು ಕಾರಿನಲ್ಲಿ ಕೂತಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದು ಹೇಳಿದೆ. ಹೆಂಡತಿಗೂ ಹೇಳಿರದ ಮಾತು. ಅವಳಿಗೆ ಅದು ಈ ಬರಹದಿಂದಲೇ ತಿಳಿಯಬೇಕು.

ಆಯಮ್ಮ ಕೈ ನಿಲ್ಲಿಸಲಿಲ್ಲ. “ಅವ್ರು ಯೇಳೋರು. ಆಸ್ಪತ್ರೆ ಗಾಬ್ರೀಲಿ ಏನೋ ಅಂದವ್ರೆ, ಸಾರ್‍ಗೆ ಮರ್ತೋಗಿರ್ತದೆ ಅಂತ.” ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. “ಮರ್ತೋಗಿತ್ತಾ ಸಾ?”

ನನ್ನ ನೆನಪನ್ನು ನಾನು ಜೀವನವಿಡೀ ಅನುಮಾನಿಸಿದವನು. ಬಲಗಿವಿಯೋ ಎಡಗಿವಿಯೋ ಇವತ್ತಿಗೂ ಗೊತ್ತಿಲ್ಲ. ಅವತ್ತು ಮೇಸ್ತ್ರಿ ಏನಂದರೋ ಗೊತ್ತಿಲ್ಲ.

“ಇಲ್ಲಮ್ಮ, ನೆನಪಿತ್ತು,” ಅಂದೆ.

ಅವರು ಇನ್ನೂ ನಾಲ್ಕು ಗಂಟು ಹಾಕಿದರು. ಗಂಡನನ್ನು ಮೈಸೂರಿನ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದ ದಿನವನ್ನು ಯಾರಿಗೋ ಹೇಳುವ ಹಾಗೆ ಹೇಳಿದರು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಇವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರಂತೆ.

“ಬ್ರೇಕ್ ಒತ್ತುದಾಗೆಲ್ಲ ಆ ಗಾಡಿ ಎಡಕ್ಕೆ ಎಳೀತಿತ್ತು ಸಾ. ಅವ್ರಿಗೂ ಗೊತ್ತಾಯ್ತು, ನನ್ ಕೈ ಅಮುಕುದ್ರು. ಡ್ರೈವರ್‍ಗೆ ಯೇಳಾನ ಅಂದ್ಕಂಡೆ. ನನ್ ಮಾತ್ನ ಯಾರ್ ಕೇಳ್ತಾರೆ ಅಂತ ಸುಮ್ಗಾದೆ.”