ಶಹಾಬಾದಿನಲ್ಲಿ ಹತ್ತು ನಿಮಿಷ

ಅಡುಗೆಮನೆಯ ಕಟ್ಟೆಗೆ ಪಾಲಿಶ್ ಹೊಡೆಸೋಣವೆಂದು ಮೊನ್ನೆ ಒಬ್ಬ ಮಿಸ್ತ್ರಿಯನ್ನು ಕರೆಸಿದ್ದೆ. ಬಂದವರು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟರು. "ಈಗ ಯಾರಿಡ್ತಾರ್ರಿ ಅಕ್ಕಾ ಈ ಶಹಾಬಾದ ಕಲ್ಲು? ಕಿತ್ತಿ ಒಗದು ಗ್ರಾನೈಟ್ ಕೂಡಸ್ರಿ." ನಮ್ಮ ಕಟ್ಟೆ ಒಂದೇ ಉದ್ದನೆಯ ಬೂದು ಕಲ್ಲು. ಅಡುಗೆಮನೆಯಲ್ಲಿ ಹೊರಟು, ಗೋಡೆಯ ಕಿಂಡಿ ದಾಟಿ, ಆ ಕಡೆ ಪಡಸಾಲೆಯಲ್ಲಿ ಎರಡಡಿ ಚಾಚಿಕೊಂಡಿದೆ. ಅದರ ಗಟ್ಟಿತನ ನೋಡಲು ಮಿಸ್ತ್ರಿ ಸುತ್ತಿಗೆ ಎತ್ತಿದರು. "ಬಡೀಬ್ಯಾಡ್ರಿ!" ಎಂದು ನಾನು ಕೂಗುವಷ್ಟರಲ್ಲಿ ಮೂರು ಸಲ ಬಡಿದೇ ಬಿಟ್ಟಿದ್ದರು. ಬಡಿದರೆ ಏನಾಗುತ್ತದೆ ಎಂದು ಅವರಿಗೆ ಹೇಳುವಷ್ಟು ಪುರಸೊತ್ತು ಇರಲಿಲ್ಲ. ನಿಮಗೆ ಹೇಳುತ್ತೇನೆ, ಕುಂತು ಕೇಳಿ.

ಮೂರು ವರ್ಷದ ಹಿಂದಿನ ಮಾತು. ನಾನು ಆಗಷ್ಟೇ ಕಾರು ಕಲಿತಿದ್ದೆ. ಮಗಳು ಗೌರಿಗೆ ಒಂಬತ್ತು ವರ್ಷ. ಗೋಲಗುಂಬಜದಲ್ಲಿ ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಕಿವಿಯಿಟ್ಟವರಿಗೆ ಕೇಳುತ್ತದೆಂದು ಯಾರೋ ಅವಳ ತಲೆಗೆ ತುಂಬಿದ್ದರು. ಅಂದಿನಿಂದ ಒಂದೇ ಹಟ: ತಾನು ಈ ಕಡೆ, ಅವಳ ಮುತ್ಯಾ, ಎಂದರೆ ನನ್ನಪ್ಪ, ಆ ಕಡೆ. ಒಂದು ಮಾತು ಹೇಳುವುದಿದೆ, ಅದು ಮುತ್ಯಾನಿಗೆ ಮಾತ್ರ. ನನ್ನನ್ನು ಅದೇ ವಯಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದವನೂ ಅಪ್ಪನೇ. ಹೀಗಾಗಿ ನಾನೂ ಮಾತು ಕೊಟ್ಟುಬಿಟ್ಟೆ. ನನ್ನ ಯಜಮಾನರಿಗೆ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಡ್ಯೂಟಿ. ಅಪ್ಪ, ಅವ್ವ, ಗೌರಿ, ನಾನು ನಾಲ್ವರೇ ಬೆಳಿಗ್ಗೆ ಸೇಡಂ ಬಿಟ್ಟೆವು. ಸಂಜೆ ಗುಂಬಜದ ಬಾಗಿಲು ಹಾಕುವ ಮೊದಲು ವಿಜಯಪುರ ಮುಟ್ಟಬೇಕು, ಅಷ್ಟೇ ಲೆಕ್ಕ.

ಲೆಕ್ಕ ಚಿತ್ತಾಪುರದಲ್ಲೇ ಕೆಟ್ಟಿತು. ಅಪ್ಪ ವಯಸ್ಸಿಡೀ ಮನೆಗಳ ನೆಲಕ್ಕೆ ಫರ್ಸಿ ಕಲ್ಲು ಹಾಕಿದ ಗೌಂಡಿ. ನಮ್ಮ ತಾಲ್ಲೂಕಿನ ಆಡಕಿ, ಮುಧೋಳದ ಕಡೆಗೆಲ್ಲ ಅವನು ಹಾಕಿದ ನೆಲಗಳಿವೆ. ಕಲ್ಲನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸಪ್ಪಳ ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ಆ ಕಿವಿಯ ಬಗ್ಗೆ ಅವನಿಗೆ ಭಾರೀ ಜಂಬ. ಚಿತ್ತಾಪುರದಲ್ಲಿ ಚಹಾ ಕುಡಿಯಲು ಇಳಿದವನು ತಾನು ಹಿಂದೊಮ್ಮೆ ಹಾಕಿದ ನೆಲವನ್ನು ನೋಡಿ ಬರುತ್ತೇನೆಂದು ಯಾರದೋ ಮನೆಗೆ ಹೊರಟ. ನೆಲವೇನು ಎದ್ದು ಓಡಿಹೋಗುತ್ತದೆಯೇ? ವಾಡಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹೋಗಿ ಗೇಟು ಎದ್ದಾಗ ಅಪ್ಪ ಕಾರಿನಲ್ಲಿರಲಿಲ್ಲ, ಪೇರಲಹಣ್ಣಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಹಿಂದಿನ ಲಾರಿಗಳ ಹಾರ್ನು ನನ್ನ ತಲೆಯೊಳಗೇ ಹೊಕ್ಕಿತು.

ಅದರ ಮೇಲೆ ಅವ್ವನ ಹೊಸ ಚಾಳಿ. ನಾನು ಏನು ಹೇಳಿದರೂ ಅಪ್ಪನ ಮುಖಕ್ಕೆ ಮುಖ ಕೊಟ್ಟು ಅದನ್ನೇ ತಿರುಗಿ ಹೇಳುವುದು. "ತಡ ಆಗ್ತದ" ಎಂದರೆ, "ತಡ ಆಗ್ತದಂತ!" "ಬೆಲ್ಟ್ ಹಾಕ್ಕೊ" ಎಂದರೆ, "ಬೆಲ್ಟ್ ಹಾಕ್ಕೋಬೇಕಂತ!" ಒಂದೇ ಕಾರಿನಲ್ಲಿ ಕುಳಿತವರಿಗೆ ಡಂಗುರ ಯಾಕೆ ಬೇಕು? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಹಾಬಾದ ಬಂದಾಗ ಅಪ್ಪ ನನ್ನ ಭುಜ ತಟ್ಟಿದ. "ಕಟ್ಸಾಕತ್ತಿದ ಹೊಸ ಮನ್ಯಾಗ ಅಡಗಿ ಕಟ್ಟಿಗಿ ಕಲ್ಲು ಬೇಕಲ್ಲ? ನೋಡಿ ಹೋಗಣು. ಹತ್ತ ನಿಮಿಷ."

ಶಹಾಬಾದ ಎಂದರೆ ನನ್ನ ಮಟ್ಟಿಗೆ ಧೂಳು ಮತ್ತು ಲಾರಿ. ಅಲ್ಲಿ ಯಾರಾದರೂ ಪ್ರವಾಸಕ್ಕೆಂದು ಇಳಿದದ್ದನ್ನು ನಾನು ಕೇಳಿಲ್ಲ. ಆದರೆ ಕಲ್ಲಿನ ಅಂಗಡಿಯ ಅಂಗಳಕ್ಕೆ ಕಾಲಿಟ್ಟದ್ದೇ ಗೌರಿ ಕುಣಿದಾಡಿದಳು. ಸಾಲಾಗಿ ನಿಲ್ಲಿಸಿದ ಕಲ್ಲುಗಳು, ಒಂದೊಂದಕ್ಕೂ ಒಂದೊಂದು ದನಿ. ಅಪ್ಪ ಚಿಕ್ಕ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, ತಾನು ಕಲ್ಲಿನ ಮೇಲೆ ಅಂಗೈ ಚಪ್ಪಟೆಯಾಗಿಟ್ಟು, "ಬಡಿ" ಎನ್ನುವನು. ಅವಳು ಬಡಿದೊಡನೆ, "ಇದು ಚಲೋದು," "ಇದು ಒಡದದ," ಎನ್ನುವನು. ಒಂದೂ ತಪ್ಪಲಿಲ್ಲ. ಅಂಗಡಿಯ ಯಜಮಾನಿತಿ ಸೋತು ನಗುತ್ತ, "ಕಾಕಾ, ನಮ್ಮಲ್ಲೇ ಕೆಲಸಕ್ಕ ಬಂದು ಬಿಡ್ರಿ," ಎಂದಳು. ಪಕ್ಕದ ಬಂಡಿಯಿಂದ ಸುಸಲಾ, ಮಿರ್ಚಿ ಬಂದವು. ಒಗ್ಗರಣೆ ಹಾಕಿದ ಆ ಮಂಡಕ್ಕಿಯನ್ನು ನಾನೂ ಎರಡು ತಟ್ಟೆ ತಿಂದೆ, ಸಿಟ್ಟಿನಲ್ಲೇ. ನಿಜ ಹೇಳಬೇಕೆಂದರೆ ಎಷ್ಟೋ ತಿಂಗಳಿಂದ ನಾವು ಹಾಗೆ ಹೊಟ್ಟೆತುಂಬ ನಕ್ಕಿರಲಿಲ್ಲ. ಆಗ ಕೇಳಿದ್ದರೆ ಸುತರಾಂ ಒಪ್ಪುತ್ತಿರಲಿಲ್ಲ.

ಗಡಿಯಾರ ನೋಡಿದರೆ ಮೂರೂವರೆ. ಇನ್ನು ಜಪ್ಪಯ್ಯ ಅಂದರೂ ಬೆಳಕಿನಲ್ಲಿ ವಿಜಯಪುರ ಮುಟ್ಟುವ ಹಾಗಿಲ್ಲ. ನನ್ನ ತಾಳ್ಮೆ ತಪ್ಪಿತು. ಅಪ್ಪನ ಬೆನ್ನ ಹಿಂದೆ ನಿಂತು, "ಯಪ್ಪಾ, ಬೇಕಂತ ಮಾಡಾಕತ್ತೀಯೇನ? ಕೂಸಿಗಿ ಮಾತು ಕೊಟ್ಟೀನಿ ನಾ!" ಎಂದೆ. ಅವನು ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ಮೂರನೆಯ ಸಲ ಕಿರುಚಿದೆ. ಅಂಗಳದಲ್ಲಿದ್ದವರೆಲ್ಲ ತಿರುಗಿದರು. ಅಪ್ಪ ಮಾತ್ರ ಕಲ್ಲಿನ ಮೇಲೆ ಕೈಯಿಟ್ಟು, ಗೌರಿ ಯಾವಾಗ ಬಡಿಯುತ್ತಾಳೋ ಎಂದು ನಗುತ್ತ ಕಾಯುತ್ತಿದ್ದ.

ಅವ್ವ ನನ್ನ ಮೊಣಕೈ ಹಿಡಿದೆಳೆದಳು. "ಹಿಂದ ನಿಂತು ಒದರಬ್ಯಾಡ. ಅವರಿಗಿ ಕೇಳಂಗಿಲ್ಲ."

"ಕೇಳಂಗಿಲ್ಲ ಅಂದ್ರ?"

"ಎರಡು ವರ್ಷಾತು. ತುಟಿ ನೋಡಿ ತಿಳ್ಕೋತಾರ, ಇಲ್ಲಂದ್ರ ನಾ ಹೇಳ್ತೀನಿ. ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ. ಆ ಗುಮ್ಮಟದಾಗ ಕೂಸು ಆ ಕಡಿ ನಿಂತು ಮಾತಾಡ್ತದ, ಇವರು ಈ ಕಡಿ ಏನಂತ ಹೇಳಬೇಕು? ನಿನ್ನಿಲಿಂದ ಕಣ್ಣು ಮುಚ್ಚಿಲ್ಲ."

ಒಂದೇ ಸೂರಿನಡಿ ಇದ್ದು ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು. ಅದರ ಹಿಂದೆಯೇ, ಇಷ್ಟು ದಿನ ನನ್ನಿಂದ ಮುಚ್ಚಿಟ್ಟರಲ್ಲ ಎಂದು ಇಬ್ಬರ ಮೇಲೂ ಸಿಟ್ಟು ಬಂತು. ಅಳುವುದೋ ಬೈಯುವುದೋ ತಿಳಿಯದೆ ಮೂರನೆಯ ತಟ್ಟೆ ಸುಸಲಾ ತರಿಸಿದೆ.

ಗೌರಿಯನ್ನು ಪಕ್ಕಕ್ಕೆ ಕರೆದು, "ಗುಂಬಜದಾಗ ಮುತ್ಯಾಗ ಏನು ಹೇಳೋದಿತ್ತವಾ?" ಎಂದು ಕೇಳಿದೆ. ಅವಳು ಸುತ್ತ ನೋಡಿ ನನ್ನ ಕಿವಿಯಲ್ಲಿ ಹೇಳಿದಳು: "'ಮುತ್ಯಾ, ಕೇಳಾಕತ್ತದೇನ?' ಅಂತ. ಮನಿಯಾಗ ಕೇಳಿದ್ರ ಏನೂ ಹೇಳಂಗಿಲ್ಲ ಅವ."

ಆಮೇಲೆ ಅವಳು ಅಂಗಡಿಯ ಎಲ್ಲಕ್ಕಿಂತ ಉದ್ದದ ಕಲ್ಲಿನ ಬಳಿಗೆ ಓಡಿದಳು. ಒಂದು ತುದಿಯಲ್ಲಿ ಮುತ್ಯಾನ ಅಂಗೈ ಹಿಡಿದು ಇಟ್ಟಳು. ಇನ್ನೊಂದು ತುದಿಗೆ ಹೋಗಿ ಮೂರು ಸಲ ಬಡಿದಳು. ಅಪ್ಪ ಅವಳನ್ನೇ ನೋಡಿದ. ನಂತರ ಬೆರಳ ಗೆಣ್ಣಿನಿಂದ ಮೂರು ಸಲ ತಿರುಗಿ ಬಡಿದ. ಆ ಕಲ್ಲನ್ನೇ ಕೊಂಡೆವು. ಅದು ಹಿಡಿಸುವಂತೆ ಗೋಡೆಯಲ್ಲಿ ಕಿಂಡಿ ಮಾಡಿಸಿದೆವು. ಗೌರಿ ಇಂದಿಗೂ ಗುಂಬಜ ನೋಡಿಲ್ಲ. ಚಂದದ ಊರು ಯಾವುದೆಂದರೆ ಗೌರಿ ಶಹಾಬಾದ ಎನ್ನುತ್ತಾಳೆ. ಕೇಳಿದವರು ನನ್ನ ಮುಖ ನೋಡುತ್ತಾರೆ.

ಅಪ್ಪನಿಗೆ ಕಿವಿಯ ಮಷೀನು ತಂದುಕೊಟ್ಟೆವು. ಬರೀ ಗಾಳಿ ಕೇಳುತ್ತದೆಂದು ಡಬ್ಬಿಯಲ್ಲಿಟ್ಟಿದ್ದಾನೆ. ಪಡಸಾಲೆಯಲ್ಲಿ ಕಲ್ಲಿನ ತುದಿಯ ಮೇಲೆ ಕೈಯಿಟ್ಟು ಕುಳಿತಿರುತ್ತಾನೆ. ನಮ್ಮ ಮನೆಯಲ್ಲಿ ಮೂರು ಸಲ ಬಡಿದರೆ ಚಹಾ ಆಯಿತೆಂದು ಅರ್ಥ.

ಮೊನ್ನೆ ಮಿಸ್ತ್ರಿಯ ಸುತ್ತಿಗೆ ನಿಂತದ್ದೇ ಕಲ್ಲು ತಿರುಗಿ ಮೂರು ಸಲ ಸದ್ದು ಮಾಡಿತು. ಅವರು ಬೆಚ್ಚಿ ಕೈ ಹಿಂತೆಗೆದರು. "ಬಂದೆ, ಬಂದೆ!" ಎಂದು ಪಡಸಾಲೆಯಿಂದ ಅಪ್ಪನ ದನಿ. ಇನ್ನೂ ಹಾಲೇ ಬಂದಿರಲಿಲ್ಲ. "ಹತ್ತ ನಿಮಿಷ ತಡಿಯಪಾ," ಎಂದೆ, ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ. ಮಿಸ್ತ್ರಿಗೆ ಸುತ್ತಿಗೆ ಚೀಲಕ್ಕೆ ಹಾಕಲು ಹೇಳಿ, ಗೌರಿಯನ್ನು ಹಾಲಿಗೆ ಓಡಿಸಿ, ಚಹಾಕ್ಕೆ ನೀರಿಟ್ಟೆ. ಕಲ್ಲಿನ ಮೇಲೆ ಅಂಗೈ ಊರಿ ನಿಂತಿದ್ದಾಗ ಅಪ್ಪ ಮತ್ತೆ ಬಡಿದ, ಈ ಸಲ ತುಸು ಸಿಟ್ಟಿನಿಂದ.