ಊರಾಟದ ಗೌಡತಿ

ತರಬೇತಿ ಎಂದರೆ ಮೂರು ದಿನ ಉಪ್ಪಿಟ್ಟು ತಿಂದು, ನಾಲ್ಕನೆಯ ದಿನ ಊರಿಗೆ ಬಂದು ಮರೆತುಬಿಡುವ ಸಂಗತಿ ಎಂಬುದು ನಮ್ಮ ಮಾಸ್ತರರ ಸಂಪ್ರದಾಯ. ತೊಂಬತ್ತರ ದಶಕದಲ್ಲಿ ಅಫಜಲಪುರದಲ್ಲಿ ನಡೆದ ಅಂಥ ಒಂದು ತರಬೇತಿಯನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗ ನಾನು ಜೇವರ್ಗಿ ತಾಲ್ಲೂಕಿನಲ್ಲಿ, ಇಜೇರಿ ಕಡೆಯ ಒಂದು ಊರಿನ ಶಾಲೆಯಲ್ಲಿ ಟೀಚರ್. ತವರು ಆಳಂದದ ಕಡೆ, ಹಿರೋಳ್ಳಿ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜತೆಗೆ ಬಂದು, ನಾನು ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ ತನ್ನ ದರ್ಬಾರು ಶುರುಮಾಡಿದ್ದಳು.

ತರಬೇತಿಗೆ ಜಿಲ್ಲೆಯಿಂದ ಬಂದವರು ಸಫಾರಿ ತೊಟ್ಟ ಒಬ್ಬ ಸಾಹೇಬರು. ಚರಿತ್ರೆಯನ್ನು ಆಟವಾಗಿ ಕಲಿಸಬೇಕು ಎಂಬುದು ಅವರ ಹೊಸ ಮಂತ್ರ. ಆಟದ ಹೆಸರು ಊರಾಟ. ಒಂದು ಲಕೋಟೆಯ ತುಂಬ ದಪ್ಪ ಕಾಗದದ ಚೀಟಿಗಳು. ಒಂದರಲ್ಲಿ ಗೌಡ, ಒಂದರಲ್ಲಿ ಗೌಡತಿ, ಒಂದರಲ್ಲಿ ಬಡಿಗ, ಒಂದರಲ್ಲಿ ಒಕ್ಕಲಿಗ. ಮಕ್ಕಳು ಚೀಟಿ ಎತ್ತಿ, ಅದರಲ್ಲಿದ್ದವರಾಗಿ ನೂರು ವರ್ಷ ಹಿಂದಿನ ಒಂದು ಊರಿನಲ್ಲಿ ಒಂದು ವರ್ಷ ಬದುಕಬೇಕು. ದಾಳ ಹಾಕಿದರೆ ಮಳೆ ಬರುತ್ತದೆ, ನೆಂಟರು ಬರುತ್ತಾರೆ, ಬಾವಿ ಬತ್ತುತ್ತದೆ. ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಚಪ್ಪಾಳೆ ತಟ್ಟಬೇಕು. ಕೈ ಹಿಡಿದುಕೊಂಡೇ ಚಪ್ಪಾಳೆ ಹೇಗೆ ತಟ್ಟುವುದು ಎಂದು ಅಲ್ಲಿದ್ದ ಒಬ್ಬ ಮಾಸ್ತರನೂ ಕೇಳಲಿಲ್ಲ. ಎಲ್ಲರ ಕಣ್ಣೂ ಉಪ್ಪಿಟ್ಟಿನ ಕಡೆ ಇತ್ತು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಸರ್, ಇದರಾಗ ಊರ ಹೊರಗಿನ ಕೇರಿ ಎಲ್ಲಿ ಅದರಿ? ಜೀತಕ್ಕಿದ್ದವರು ಎಲ್ಲಿ ಹೋದ್ರು?”

“ಮೇಡಂ, ಸಣ್ಣ ಹುಡುಗರ ಆಟ ಇದು. ಅದರಾಗ ಕಹಿ ಯಾಕ ಕಲಸ್ತೀರಿ? ಹಿಂದಿನವರು ಎಲ್ಲಾರೂ ಕೂಡಿ ಚಲೋ ಇದ್ರು ಅಂತ ತಿಳಕೊಂಡ್ರ ಸಾಕ್ರಿ.”

ನಾನು ನಕ್ಕುಬಿಟ್ಟೆ. ಕೂಡಿ ಇದ್ದರಂತೆ! ಈ ಮನುಷ್ಯ ಹಳ್ಳಿಯನ್ನು ಜೀಪಿನ ಕಿಟಕಿಯಿಂದಷ್ಟೇ ನೋಡಿರಬೇಕು ಎಂದುಕೊಂಡೆ. ಸಮಾನತೆಯ ವಚನ ಹೇಳದೆ ತುತ್ತು ಎತ್ತದ ಮನೆಯಲ್ಲಿ ಬೆಳೆದವಳು ನಾನು. ನಿಜವನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಂಥ ಸೊಕ್ಕು ಇಟ್ಟುಕೊಂಡು ಬಸ್ ಹತ್ತಿದೆ.

ಊರಿಗೆ ಬಂದು ಹಳೆಯ ಕ್ಯಾಲೆಂಡರ್ ಕತ್ತರಿಸಿ ನನ್ನದೇ ಚೀಟಿ ಮಾಡಿದೆ. ಕೇರಿಯವರನ್ನು ಸೇರಿಸಿದೆ, ಜೀತದಾಳನ್ನು ಸೇರಿಸಿದೆ. ಇನ್ನೊಂದು ಜಾಣತನವನ್ನೂ ಮಾಡಿದೆ. ಕೇರಿಯ ಮಗುವಿಗೆ ಕೇರಿಯ ಚೀಟಿ ಬಂದರೆ ಅದಕ್ಕೆ ನೋವಾದೀತು ಎಂದು ಚೀಟಿಗಳನ್ನು ಮೊದಲೇ ಹೊಂದಿಸಿಟ್ಟುಕೊಂಡೆ. ನೋವನ್ನು ತಪ್ಪಿಸಿ ನಿಜವನ್ನು ಮಾತ್ರ ಕಲಿಸುವ ನನ್ನ ಉಪಾಯಕ್ಕೆ ನಾನೇ ಬೆರಗಾಗಿದ್ದೆ.

ನಾಲ್ಕನೆಯ ತರಗತಿಯಲ್ಲಿ ಕೇರಿಯ ಒಬ್ಬ ಹುಡುಗಿ ಇದ್ದಳು. ತೆಳ್ಳಗೆ, ಚುರುಕು, ಒಮ್ಮೆ ನೋಡಿದ್ದನ್ನು ಹಾಗೆಯೇ ಮಾಡಿ ತೋರಿಸುವವಳು. ಅವಳ ತಾಯಿ ನಮ್ಮ ಮನೆಗೆ ದಿನಾ ಮುಂಜಾನೆ ಒಲೆಗೆ ಸಗಣಿಯ ಕುಳ್ಳು ತಂದು ಹಾಕಿ, ಅಂಗಳ ಗುಡಿಸಿ ಹೋಗುತ್ತಿದ್ದಳು. ಹುಡುಗಿ ಅವಳ ಹಿಂದೆ ಬಂದು ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ತಿಂಗಳ ಕೊನೆಗೆ ಜೇವರ್ಗಿಯಲ್ಲಿ ಅಧಿಕಾರಿಗಳ ಮುಂದೆ ಊರಾಟ ಆಡಿಸಬೇಕಿತ್ತು, ಒಂದೊಂದು ಶಾಲೆಯಿಂದ ಆರು ಮಕ್ಕಳು. ಮೊದಲ ಹೆಸರು ಅವಳದೇ ಬರೆದೆ. ಅವಳು ಅಲ್ಲಿಯವರೆಗೆ ಬಸ್ ಹತ್ತಿದವಳಲ್ಲ. “ಖರೇನ ಕರಕೊಂಡು ಹೋಗ್ತೀರಿ ಟೀಚರ್?” ಎಂದು ದಿನಕ್ಕೆ ನಾಲ್ಕು ಸಲ ಕೇಳಿ, ನಾನು ಹೌದು ಎಂದಾಗಲೆಲ್ಲ ಓಡಿಹೋಗಿ ಗೆಳತಿಯರಿಗೆ ಹೇಳಿ ಬರುತ್ತಿದ್ದಳು.

ಮೊದಲ ದಿನದ ಆಟದಲ್ಲಿ, ನನ್ನ ಏರ್ಪಾಡಿನಂತೆ, ಅವಳಿಗೆ ಗೌಡತಿಯ ಚೀಟಿ ಬಂತು. ಊರ ದೊಡ್ಡ ಮನೆಯ ಹುಡುಗನಿಗೆ ಜೀತದಾಳಿನ ಚೀಟಿ. ದಾಳ ಹಾಕಿದಾಗ ಬೇಸಿಗೆ ಬಂತು. ಹುಡುಗ ಗೌಡತಿಯ ಬಾಗಿಲಿಗೆ ಬಂದು ಹೇಳಿಕೊಟ್ಟಂತೆ, “ನೀರಡಿಕಿ ಆಗ್ಯಾದ್ರಿ, ನೀರು ಕೊಡ್ರಿ” ಎಂದ.

ಹುಡುಗಿ ಶಾಲೆಯ ಹಿತ್ತಾಳೆ ಚೆಂಬು ಎತ್ತಿಕೊಂಡಳು. ಗದ್ದವನ್ನು ಮುಂದೆ ಮಾಡಿ, “ಅಲ್ಲೇ ನಿಂದರು” ಎಂದಳು. ಅವನು ಬೊಗಸೆ ಒಡ್ಡಿ ಬಗ್ಗಿದ. ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಲಗೈಯನ್ನು ಎಷ್ಟು ಎತ್ತರಕ್ಕೆ ಎತ್ತಬಹುದೋ ಅಷ್ಟು ಎತ್ತಿ ನೀರು ಬಿಟ್ಟಳು. ಎಡಗೈಯನ್ನು ಎದೆಯ ಮೇಲೆ, ಇಲ್ಲದ ಸೆರಗಿನೊಳಗೆ ಒತ್ತಿ ಹಿಡಿದಿದ್ದಳು. ನೀರು ಹುಡುಗನ ಮೊಣಕೈವರೆಗೂ ಇಳಿಯಿತು.

“ಲಗೂ ಕುಡಿಲೇ. ಒಲಿ ಮ್ಯಾಲ ಹಾಲು ಅದ,” ಎಂದಳು.

ತರಗತಿಯ ಹಿಂದಿನಿಂದ ಯಾರೋ, “ಟೀಚರರ ಅವ್ವ! ಟೀಚರರ ಅವ್ವ!” ಎಂದು ಕೂಗಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನಾಗಲೇ ಗುರುತಿಸಿದ್ದೆ. ಹುಡುಗಿಯ ತಾಯಿಗೆ ನೀರು ಹಾಕುವಾಗ ಅವ್ವ ಎದೆಯ ಮೇಲಿನ ಲಿಂಗದ ಕರಡಿಗೆಗೆ ಸಿಡಿದೀತೆಂದು ಅದನ್ನು ಸೆರಗಿನೊಳಗೆ ಹೀಗೆಯೇ ಒತ್ತಿ ಹಿಡಿಯುತ್ತಿದ್ದಳು. ಹಾಲಿನ ಮಾತೂ ಅವಳದೇ. ಒಲೆಯ ಮೇಲೆ ಹಾಲು ಇರಲಿ, ಇಲ್ಲದಿರಲಿ, ಆ ಹೆಂಗಸು ಬೇಗ ಹೊರಡಲಿ ಎಂದು ದಿನಾ ಆಡುತ್ತಿದ್ದ ಮಾತು. ಒಳಗೆ ಕೂತು ಚಹಾ ಕುಡಿಯುತ್ತ ನಾನು ಅದನ್ನು ದಿನಾ ಕೇಳುತ್ತಿದ್ದೆ. ಕೇಳಿಯೂ ಕೇಳಿರಲಿಲ್ಲ.

“ಏ, ಹಂಗ್ಯಾಕ ಆಡಾಕತ್ತೀ? ಇದು ನೂರು ವರ್ಷದ ಹಿಂದಿನ ಊರು ಅಂತ ಹೇಳೀನಿಲ್ಲ?” ಎಂದು ಗದರಿದೆ.

ಹುಡುಗಿ ಗಾಬರಿಯಾಗಿ ಚೆಂಬು ಕೆಳಗಿಟ್ಟಳು. “ನೂರು ವರ್ಷದ್ದು ನನಗ ಗೊತ್ತಿಲ್ರಿ ಟೀಚರ್. ನಿನ್ನಿ ಮುಂಜಾನಿ ನೋಡಿದ್ದು ಆಡೀನ್ರಿ.”

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬೈದು ಹಗುರಾಗಬಹುದಿತ್ತು.

ಮಾರನೆಯ ದಿನ ನನ್ನ ಕ್ಯಾಲೆಂಡರ್ ಚೀಟಿಗಳು ನೀರು ಕಾಯಿಸುವ ಒಲೆಗೆ ಹೋದವು. ಸಾಹೇಬರು ಕೊಟ್ಟಿದ್ದ ಲಕೋಟೆ ಪೆಟ್ಟಿಗೆಯಿಂದ ಹೊರಗೆ ಬಂತು. ಆರು ಮಕ್ಕಳ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿ, ದೊಡ್ಡ ಮನೆಯ ಒಬ್ಬ ಹುಡುಗಿಯ ಹೆಸರು ಬರೆದೆ. ಕೇರಿಯ ಹುಡುಗಿ ಯಾಕೆ ಎಂದು ಕೇಳಿದಾಗ, “ಬಸ್ಸಿನಾಗ ಜಾಗ ಇಲ್ಲವ್ವ, ಮುಂದಿನ ಸಲ ನೋಡೂಣು” ಎಂದೆ. ಅವಳು ತಲೆ ಆಡಿಸಿದಳು. ಮುಂದಿನ ಸಲ ಯಾವಾಗ ಎಂದು ಕೇಳಲಿಲ್ಲ. ಅವ್ವನ ಮುಂದೆ ನಾನು ಈ ವಿಷಯ ಎತ್ತಲೇ ಇಲ್ಲ. ಸಾಹೇಬರ ಮುಂದೆ ಎದ್ದು ನಿಂತು ಮಾತಾಡುವ ಧೈರ್ಯ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ, ಥೂ.

ಜೇವರ್ಗಿಗೆ ಹೋದ ಬಸ್ಸು ಅರ್ಧ ಖಾಲಿ ಇತ್ತು. ಆಟ ಬಹಳ ಚೆನ್ನಾಗಿ ಆಯಿತು. ಗೌಡತಿ ಎಲ್ಲರಿಗೂ ಲೋಟದಲ್ಲಿ ನೀರು ಕೊಟ್ಟಳು, ಎಲ್ಲರೂ ಕೂಡಿ ಚಪ್ಪಾಳೆ ತಟ್ಟಿದರು. ಸಫಾರಿ ಸಾಹೇಬರು ಓಡಿಬಂದು, “ಈಗ ನಿಮಗ ತಿಳೀತು ನೋಡ್ರಿ ಮೇಡಂ” ಎಂದರು. ನಾನು ಕೈಮುಗಿದು, “ಹೌದ್ರಿ ಸರ್” ಎಂದೆ. ಅವರನ್ನು ಕಂಡು ನಕ್ಕ ನನ್ನ ಬಾಯಿಯಿಂದಲೇ ಆ ಮಾತು ಸಲೀಸಾಗಿ ಬಂತು.

ಮರುದಿನ ಮುಂಜಾನೆ ಅವ್ವ ಪೂಜೆಗೆ ಕೂತಿದ್ದಳು. ಅಂಗಳ ಗುಡಿಸಿ ಮುಗಿಸಿದ ಹುಡುಗಿಯ ತಾಯಿ, “ನೀರು ಹಾಕ್ರಿ ಟೀಚರ್” ಎಂದು ಬೊಗಸೆ ಒಡ್ಡಿದಳು. ಮೂಲೆಯಲ್ಲಿ ಲೋಟಗಳ ಸಾಲೇ ಇತ್ತು. ನಾನು ಚೆಂಬು ಎತ್ತಿಕೊಂಡು ಹೊರಗೆ ಬಂದೆ. ಬೇಲಿಯ ಹತ್ತಿರ ಹುಡುಗಿ ನಿಂತಿರುವುದು ಕಂಡಿತು. ಕಂಡೂ ನನ್ನ ಬಲಗೈ ಮೇಲಕ್ಕೆ ಹೋಯಿತು, ಎಡಗೈ ಎದೆಯ ಮೇಲೆ ಸೆರಗಿನೊಳಗೆ ಹೋಯಿತು. ಅವಳು ನೋಡುತ್ತಿದ್ದಾಳೆ, ಬೇಗ ಮುಗಿಯಲಿ ಎಂಬ ಅವಸರಕ್ಕೆ ಬಾಯಿ ತಾನೇ ಆಡಿತು.

“ಲಗೂ ಕುಡಿ ಬೇ. ಒಲಿ ಮ್ಯಾಲ ಹಾಲು ಅದ.”

ಹುಡುಗಿ ನನ್ನ ಕೈಯನ್ನು ನೋಡಲಿಲ್ಲ. ತೆರೆದ ಬಾಗಿಲಿನಿಂದ ಒಳಗೆ ಇಣುಕಿ ಒಲೆಯನ್ನು ನೋಡಿದಳು. ನಾನು ಇನ್ನೂ ಒಲೆ ಹಚ್ಚಿರಲಿಲ್ಲ.