ನಾನು ಬರೆದ ಜಟಕಾ ನೋಟೀಸು

ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ ಗಾಡಿಗಳಿಗೆ ದಂಡದ ನೋಟೀಸು ಬರೆಯುವುದು ಮುನಿಸಿಪಾಲಿಟಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಆಗ ಐವತ್ತರ ದಶಕ, ಮೈಸೂರಿನಲ್ಲಿ ಕಾರುಗಳಿಗಿಂತ ಜಟಕಾಗಳೇ ಹೆಚ್ಚು. ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿಗೆ ಅಡ್ಡವಾಗಿ ಒಂದು ಜಟಕಾ ನಿಂತಿತ್ತು, ಗಾಡಿಯವನಿರಲಿಲ್ಲ. ನಾನು ನೋಟೀಸು ಬರೆದು ಮುಗಿಸುವಷ್ಟರಲ್ಲಿ ಅವನು ಒಳಗಿನಿಂದ ಓಡಿಬಂದ. ಊರಂಚಿನ ಕೆಸರೆಯವನು. ಅಂಗಿಯೆಲ್ಲ ರಕ್ತವಾಗಿತ್ತು.

"ಬಸುರಿ ಹೆಂಗಸು ಸ್ವಾಮಿ, ನಡೆಯೋಕಾಗ್ತಿರ್ಲಿಲ್ಲ. ಎತ್ಕೊಂಡು ಹೋಗಿ ಒಳಗೆ ಬುಟ್ಟು ಬಂದೆ," ಎಂದ.

"ಬರೆದಾಯ್ತಲ್ಲ, ಆಫೀಸಿಗೆ ಬಂದು ಹೇಳು," ಎಂದೆ. ಅದನ್ನು ಅಲ್ಲೇ ರದ್ದು ಮಾಡಬಹುದಿತ್ತು. ಹೊಸ ಕೆಲಸ, ಹೆದರಿದೆ.

ವಿಚಾರಣೆಯ ದಿನ ಅವನು ಆ ಹೆಂಗಸಿನ ಗಂಡನನ್ನೂ ಕರೆತಂದ. ತಾಯಿ, ಮಗು ಇಬ್ಬರೂ ಉಳಿದಿದ್ದರು. ಗಂಡ ಕೈಮುಗಿದು, "ಇವ್ರಿಲ್ದಿದ್ರೆ ನನ್ನ ಹೆಂಡ್ತಿ ಬದುಕ್ತಿರ್ಲಿಲ್ಲ ಸಾರ್," ಎಂದ. ವಿಚಾರಣೆ ನಡೆಸುತ್ತಿದ್ದ ನಮ್ಮ ಸಾಹೇಬರು ಅವನತ್ತ ನೋಡದೆ ನನ್ನನ್ನು ಕೇಳಿದರು: "ಗಾಡಿ ಗೇಟಿಗೆ ಅಡ್ಡ ನಿಂತಿತ್ತೋ ಇಲ್ವೋ? ಅಷ್ಟು ಹೇಳ್ರೀ."

"ನಿಂತಿತ್ತು ಸಾರ್," ಎಂದೆ. ಅಂಗಿಯ ಮೇಲಿನ ರಕ್ತದ ಮಾತು ಬಾಯಿಗೆ ಬರಲಿಲ್ಲ.

ದಂಡದ ಜೊತೆಗೆ ಎರಡು ತಿಂಗಳು ಅವನ ಲೈಸೆನ್ಸನ್ನೂ ಕಿತ್ತುಕೊಂಡರು. ಅದೇ ವಾರ ಅದೇ ಗೇಟಿನ ಮುಂದೆ ಶ್ರೀಮಂತರೊಬ್ಬರ ಕಾರು ಮಧ್ಯಾಹ್ನವೆಲ್ಲ ನಿಂತಿತ್ತು. ನಾನು ಬರೆದ ನೋಟೀಸನ್ನು ಸಾಹೇಬರೇ ಹರಿದುಹಾಕಿ, "ಅವರು ನಮಗೆ ಬೇಕಾದವರು ಕಣ್ರೀ," ಎಂದರು.

ದುಡಿಮೆಯಿಲ್ಲದೆ, ಮೇವು ಹಾಕಲಾಗದೆ ಗಾಡಿಯವನು ಕುದುರೆಯನ್ನೇ ಮಾರಿದ. ಆಮೇಲೊಮ್ಮೆ ಮಾರುಕಟ್ಟೆಯಲ್ಲಿ ಅವನು ಮೂಟೆ ಹೊರುತ್ತಿದ್ದುದನ್ನು ಕಂಡೆ. ಮಾತನಾಡಿಸಲು ಹೋದರೆ, "ದಾರಿ ಬುಡಿ ಸ್ವಾಮಿ," ಎಂದಷ್ಟೇ ಹೇಳಿ ನಡೆದ. ನಾನು ಪಕ್ಕಕ್ಕೆ ಸರಿದೆ. ಕೆಲಸ ಮಾತ್ರ ಬಿಡಲಿಲ್ಲ, ಅದರಲ್ಲೇ ಬಡ್ತಿಯನ್ನೂ ಪಡೆದೆ.